ಅಜ್ಜನ ದಂಡೆ, ಟೈಟನ್ನಿನ ದಂಡೆ

ನಮ್ಮಜ್ಜ ಸತ್ತ ಮೇಲೂ ತನ್ನ ಹಟವನ್ನೇ ನಡೆಸಿದ ಮನುಷ್ಯ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತೇವೆ. ಗುತ್ತೂರಿನ ಹತ್ತಿರದ ನಮ್ಮ ಹೊಲದ ನಡುವೆ ಗಟ್ಟಿ ನೆಲವಿತ್ತು. ಮನೆತನದ ಹಿರಿಯರೆಲ್ಲ ಅಲ್ಲೇ ಸಾಲಾಗಿ ಕೂತಿದ್ದರು. ಅಜ್ಜನಿಗೆ ಅವರ ಸಹವಾಸ ಬೇಡವಾಗಿತ್ತು. ಹೊಳೆ ದಂಡೆಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ನನ್ನನ್ನು ಅಲ್ಲೇ ಕೂಡಿಸಿ ಎಂದು ಸಾಯುವ ಮೊದಲೇ ಹೇಳಿಟ್ಟಿದ್ದ. ತುಂಗಭದ್ರೆ ಅಲ್ಲಿ ತಿರುಗಿ ನೇರವಾಗಿ ನಮ್ಮ ದಂಡೆಗೇ ಬಂದು ಹೊಡೆಯುತ್ತಾಳೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಮಣ್ಣಿನ ಕೆಳಗೆ ಕೂತವನಿಗೆ ಗಾಳಿ ಯಾಕೆ ಎಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಕೇಳಿದವಳು ಒಬ್ಬಳೇ, ಅವನ ಮಗಳು, ನನ್ನ ಸೋದರತ್ತೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಹೊಲ ನೋಡಿಕೊಂಡವಳು. ಅಪ್ಪನ ಜೊತೆ ಜಗಳವಾಡದಿದ್ದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಅವನು ಹೋದ ಮೇಲೆ ದಂಡೆಯಲ್ಲಿ ಗದ್ದುಗೆ ಕಟ್ಟಿಸಿದಳು. ಸೋಮವಾರ ಬಂತೆಂದರೆ ಅದಕ್ಕೆ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿಂತುಹೋದ ಜಗಳವನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದಳು. ಅಜ್ಜನ ಪಾಲಿನ ಉತ್ತರವನ್ನೂ ಅವಳೇ ಹೇಳಿಕೊಂಡು ಇನ್ನಷ್ಟು ರೇಗುತ್ತಿದ್ದಳು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಹೊಳೆ ಆ ಹೊಲವನ್ನು ಕೊರೆಯುತ್ತ ಕೊರೆಯುತ್ತ ಗದ್ದುಗೆಯ ಹತ್ತಿರಕ್ಕೇ ಬಂದಿತ್ತು. ಇನ್ನೊಂದು ಮಳೆಗಾಲ ಅಜ್ಜ ಕೂತಿರುತ್ತಾನೆಂಬ ಭರವಸೆ ಇರಲಿಲ್ಲ. ಅತ್ತೆ ಮಠದ ಅಯ್ಯನವರನ್ನು ಕರೆಸಿ, ಬೇರೆ ಕಡೆ ಕೂಡಿಸಬಹುದೇ ಎಂದು ಕೇಳಿದಳು. ಅವರು, "ಕೂಡಿಸಿದೋರನ್ನ ಎಬ್ಬಿಸೋ ಹಂಗಿಲ್ಲವ್ವ" ಎಂದರು.

"ಬದುಕಿದ್ದಾಗ್ಲೂ ಎಬ್ಬಿಸಾಕಾಗ್ತಿರಲಿಲ್ಲ ಬಿಡ್ರಿ," ಎಂದ ಅತ್ತೆ, ದಂಡೆಗೆ ಗೋಡೆ ಕಟ್ಟಿಸುವುದೆಂದು ತೀರ್ಮಾನಿಸಿ ಗಾಡಿಗಳಲ್ಲಿ ಕಲ್ಲು ತರಿಸಿದಳು.

ನಾನಾಗ ದಾವಣಗೆರೆಯಲ್ಲಿ ಕಾಲೇಜು ಹುಡುಗರಿಗೆ ಭೌತಶಾಸ್ತ್ರ ಹೇಳುತ್ತಿದ್ದೆ. ಅವರು ಕೇಳುತ್ತಿದ್ದರೆಂದು ನಾನು ಹೇಳಲಾರೆ. ಶನಿಯ ದೊಡ್ಡ ಚಂದ್ರ ಟೈಟನ್ನಿನ ಚಿತ್ರಗಳು ಪತ್ರಿಕೆಯಲ್ಲಿ ಬಂದಾಗಿನಿಂದ ನನಗೆ ಅದರದೇ ಹುಚ್ಚು. ಚಿತ್ರದಲ್ಲಿ ಕಿತ್ತಳೆ ಮಬ್ಬು ಬಿಟ್ಟರೆ ಏನೂ ಇರಲಿಲ್ಲ. ಆ ಮಬ್ಬಿನ ಕೆಳಗೆ ದ್ರವ ಮೀಥೇನಿನ ಸಮುದ್ರ ಇರಬಹುದೆಂದು ವಿಜ್ಞಾನಿಗಳು ಊಹಿಸಿದ್ದರು. ಸಮುದ್ರವಿದ್ದರೆ ದಂಡೆ, ದಂಡೆಯಿದ್ದರೆ ಕೊರೆತ ಇದ್ದೇ ಇರಬೇಕಲ್ಲ! ಕಾಲೇಜಿನ ವಸ್ತುಪ್ರದರ್ಶನಕ್ಕೆ ಅದನ್ನೇ ಮಾಡಿ ತೋರಿಸಲು ಹೊರಟೆ. ಮಂಡಕ್ಕಿ ಭಟ್ಟಿಯವರಿಂದ ಅಗಲವಾದ ತಗಡಿನ ಟ್ರೇ ಕೇಳಿ ತಂದು, ಅರ್ಧಕ್ಕೆ ಮರಳು ಒಟ್ಟಿ, ಉಳಿದರ್ಧಕ್ಕೆ ಅರಿಶಿನ, ಸುಣ್ಣ ಕಲಸಿದ ನೀರು ಹೊಯ್ದೆ. ನನ್ನ ಬಾಡಿಗೆ ಕೋಣೆಯ ನೆಲವೆಲ್ಲ ಟೈಟನ್ ಆಯಿತು.

ಗೋಡೆಗೆ ಎಷ್ಟು ಪಾಯ ತೋಡಬೇಕೆಂದು ಓದಿದವಳನ್ನು ಕೇಳೋಣವೆಂದು ಅತ್ತೆ ಅದೇ ದಿನ ಹರಿಹರದ ಬಸ್ಸಿಳಿದು ಬಂದಳು. ಟ್ರೇ ನೋಡಿ, "ಲೇ ಹುಡುಗಿ, ಆರತಿ ನೀರು ಕಲಸಿಟ್ಟಿಯಲ್ಲ, ಗಂಡು ಗೊತ್ತಾತೇನೆ?" ಎಂದಳು.

"ಇದು ಬೇರೆ ಲೋಕದ ಸಮುದ್ರ ಅತ್ತೆ."

"ಅಲ್ಲೂ ದಂಡೆ ಕುಸಿತೈತಾ?"

"ಕುಸೀಬಹುದು. ಯಾರೂ ನೋಡಿಲ್ಲ."

ಅವಳು ಮೂಲೆಯಲ್ಲಿದ್ದ ಇಟ್ಟಿಗೆ ಚೂರೊಂದನ್ನು ತಂದು ಮರಳಿನ ಅಂಚಿಗೆ ಒತ್ತಿ, "ಇದು ನಮ್ಮ ಗೋಡೆ. ಈಗ ತೆರೆ ಎಬ್ಬಿಸು," ಎಂದಳು. ನಾನು ರಟ್ಟಿನಿಂದ ನೀರು ತಳ್ಳತೊಡಗಿದೆ. ಇಟ್ಟಿಗೆಯ ಹಿಂದಿನ ಮರಳು ಅಲುಗಲಿಲ್ಲ. ಅತ್ತೆ ಹಿಗ್ಗಿದಳು. ಸ್ವಲ್ಪ ಹೊತ್ತಿಗೆ ಇಟ್ಟಿಗೆಯ ಪಕ್ಕದ ಮರಳು ಮೊದಲಿಗಿಂತ ಬೇಗ ಬೇಗ ಜಾರತೊಡಗಿತು. ಗೋಡೆಗೆ ಬಡಿದ ನೀರು ಸುಮ್ಮನಾಗುವುದಿಲ್ಲ, ಗೋಡೆ ಮುಗಿದಲ್ಲಿ ಸಡಿಲ ಮಣ್ಣು ಸಿಕ್ಕರೆ ಅದನ್ನು ತಿನ್ನುತ್ತದೆ ಎಂದು ನಾನು ಮೇಡಂ ದನಿಯಲ್ಲಿ ವಿವರಿಸಿದೆ.

"ಅದು ಸಾಹೇಬರ ಪೇರಲ ತೋಟ," ಎಂದಳು ಅತ್ತೆ. ಅವಳ ಮುಖ ಇಳಿದುಹೋಗಿತ್ತು.

ಸಾಹೇಬರ ತೋಟ ನಮ್ಮ ಹೊಲಕ್ಕೆ ಹೊಂದಿಕೊಂಡೇ ಇತ್ತು. ಹರಿಹರದಲ್ಲಿ ಬಡಗಿ ಕೆಲಸ ಮಾಡುತ್ತಿದ್ದ ಅವರಿಗೆ ಆ ಗಿಡಗಳ ಮೇಲೆ ಜೀವ.

"ಅವರದಕ್ಕೂ ಗೋಡೆ ಕಟ್ಟಿದರೆ?" ಎಂದೆ.

"ಅದರಾಚೆ ಇನ್ನೊಬ್ಬರ ಹೊಲ. ಹಿಂಗೇ ಕಟ್ಟಿಕೊಂತ ಸಮುದ್ರಕ್ಕೆ ಹೋಗಾದಾ?"

ಮರುದಿನ ಅವಳ ಜೊತೆ ನಾನೂ ಹೋದೆ. ಅತ್ತೆ ಸಾಹೇಬರನ್ನು ಕರೆದು ಎಲ್ಲ ಹೇಳಿದಳು, ಟೈಟನ್ ಸಮೇತ. ಅವರು ಗಡ್ಡ ಕೆರೆದುಕೊಂಡು, "ಕಟ್ರಿ ಅಕ್ಕಾರೆ, ಫಿಕರ್ ಮಾಡಬ್ಯಾಡ್ರಿ. ಗಿಡ ಹೋದ್ರೆ ಇನ್ನೊಂದು ಹಚ್ತೀನಿ. ನಿಮ್ಮಪ್ಪಾರು ಹೋದ್ರೆ ಮತ್ತೆ ಬರಲ್ಲ," ಎಂದರು.

"ಬಂದ್ರೂ ಬ್ಯಾಡ," ಎಂದಳು ಅತ್ತೆ.

ಸಾಹೇಬರು ನಕ್ಕರು, ನಾನೂ ನಕ್ಕೆ. ಅತ್ತೆ ಮಾತ್ರ ಗೋಡೆಯ ಮಾತು ಬಿಟ್ಟು, ಆ ಕಲ್ಲುಗಳನ್ನೆಲ್ಲ ದನದ ಕೊಟ್ಟಿಗೆಗೆ ಹಾಸಿಬಿಟ್ಟಳು. ಇತ್ತ ನನ್ನ ಟೈಟನ್ನಿಗೆ ಪ್ರದರ್ಶನದಲ್ಲಿ ಸಮಾಧಾನಕರ ಬಹುಮಾನವಾಗಿ ಒಂದು ಸೋಪಿನ ಡಬ್ಬಿ ಸಿಕ್ಕಿತು. ನನಗೆ ಸಮಾಧಾನವಾಗಲಿಲ್ಲ.

ಮಳೆಗಾಲದಲ್ಲಿ ಹೊಳೆ ಏರಿದ ಸುದ್ದಿ ತಿಳಿದು ಮೊದಲ ಬಸ್ಸಿಗೇ ಹೋದೆ. ಅತ್ತೆ, ಸಾಹೇಬರು ಇಬ್ಬರೂ ಗೋಣಿಚೀಲ ತಲೆಗೆ ಹಾಕಿಕೊಂಡು ದಂಡೆಯಿಂದ ದೂರ ನಿಂತಿದ್ದರು. ಕೆಂಪು ನೀರು ಬುಡವನ್ನು ತಿನ್ನುತ್ತಿತ್ತು. ಮಣ್ಣು ಹೆಂಟೆ ಹೆಂಟೆಯಾಗಿ ಬೀಳುವುದನ್ನು ನೋಡುತ್ತ, ಶನಿಯ ಹತ್ತಿರದ ಆ ದಂಡೆ ಎಷ್ಟು ಬೇಕಾದರೂ ಕುಸಿಯಲಿ, ಅಲ್ಲಿ ಯಾರ ಮನೆಯವರೂ ಕೂತಿಲ್ಲ ಎಂದು ನಾನು ಸಿಟ್ಟಿನಿಂದ ಅಂದುಕೊಂಡೆ. ಅತ್ತೆ ಹೊಳೆಯನ್ನೂ, ಅಜ್ಜನನ್ನೂ, ಅವನ ಗಾಳಿಯನ್ನೂ ಒಂದೇ ಉಸಿರಿಗೆ ಬಯ್ಯುತ್ತಿದ್ದಳು.

ಅಷ್ಟರಲ್ಲಿ ಗದ್ದುಗೆಯ ಕಲ್ಲು ಹೊಳೆ ಕಡೆಗೆ ವಾಲಿತು. ಅತ್ತೆಯ ಬೈಗುಳ ಅರ್ಧಕ್ಕೆ ನಿಂತಿತು. ಎರಡೂ ಕೈ ಮುಂದೆ ಚಾಚಿ ಓಡಹೊರಟವಳನ್ನು ಸಾಹೇಬರೂ ನಾನೂ ಬಿಗಿಯಾಗಿ ಹಿಡಿದುಕೊಂಡೆವು.

"ಅಪ್ಪಾ," ಎಂದು ಕೂಗಿದಳು ಅವಳು, "ಹುಷಾರು, ಬೀಳ್ತೀಯ!"