ಬ್ಯಾಡಗಿ ಮಾವನ ನಾಲ್ಕು ಚೀಟಿ

ನಂಜನಗೂಡಿನಿಂದ ಬ್ಯಾಡಗಿಗೆ ಸೊಸೆಯಾಗಿ ಬಂದಿಳಿದ ದಿನ ನಾನು ಮಾಡಿದ ಮೊದಲ ಕೆಲಸ ಸೀನಿದ್ದು. ಒಂದಲ್ಲ, ಎರಡಲ್ಲ, ಆರತಿ ತಟ್ಟೆ ಹಿಡಿದವರ ಕೈ ಸೋಲುವಷ್ಟು ಸೀನು. ಅಂದು ಸೋಮವಾರ, ಮೆಣಸಿನಕಾಯಿ ಮಾರ್ಕೆಟ್ಟಿನ ದಿನ. ಊರಿನ ಗಾಳಿಯಲ್ಲೇ ಘಾಟು. ಹೊಸ್ತಿಲ ಮೇಲಿನ ಅಕ್ಕಿ ಸೇರು ಒದೆಯುವುದು ಬಿಟ್ಟು ಕಣ್ಣು ಮೂಗು ಒರೆಸಿಕೊಳ್ಳುತ್ತ ನಿಂತವಳನ್ನು ಕಂಡು, ಪಾಪ ಹುಡುಗಿ ತವರಿಗಾಗಿ ಅಳುತ್ತಿದ್ದಾಳೆ ಅಂತ ಅಕ್ಕಪಕ್ಕದ ಹೆಂಗಸರು ಸಮಾಧಾನ ಮಾಡಲು ಬಂದರು. ಮಾವ ಚನ್ನಬಸಪ್ಪನವರು ಮಾತ್ರ ನಗುತ್ತಿದ್ದರು. ಘಾಟು ಹತ್ತಿದೆ ಅಷ್ಟೇ, ಒಂದು ವರ್ಷ ಹೋಗಲಿ, ಸೀನೋದು ತಾನೇ ಬಿಡ್ತಾಳೆ ಅಂದರು.

ಅವರೆಂದಂತೆ ಬಿಟ್ಟೆ. ಆದರೆ ಮಿಕ್ಕದ್ದಕ್ಕೆಲ್ಲ ಒಂದು ವರ್ಷ ಸಾಲಲಿಲ್ಲ. ನಮ್ಮ ಕಡೆ ಮುದ್ದೆ ನುಂಗುವುದು. ಇಲ್ಲಿ ಖಡಕ್ ರೊಟ್ಟಿ ಮುರಿಯುವಾಗ ಪಕ್ಕದ ಮನೆಗೆ ಕೇಳಿಸುತ್ತದೆ. ನಾವು 'ಕೂತ್ಕೊಳ್ಳಿ' ಅನ್ನುವುದನ್ನು ಇಲ್ಲಿ 'ಕುಂದ್ರಿ' ಅನ್ನುತ್ತಾರೆ, ಮೊದಮೊದಲು ನನಗೆ ಅದು ಗದರಿಕೆಯಂತೆ ಕೇಳುತ್ತಿತ್ತು. ನನ್ನ ಕನ್ನಡವೋ ಇವರಿಗೆ ಟೀವಿ ಧಾರಾವಾಹಿಯಂತೆ. ಹಾವೇರಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಟೀಚರ್. ಮೊದಲ ತಿಂಗಳೆಲ್ಲ ಮಕ್ಕಳು ಪಾಠ ಕೇಳುವ ಬದಲು ನನ್ನ ಮಾತನ್ನು ಅಣಕಿಸಿ ನಗುತ್ತಿದ್ದವು. ಗಂಡ ಮಂಜು ಕುಮಾರಪಟ್ಟಣದ ಕಾರ್ಖಾನೆಯ ಪಾಳಿಗೆ ಹೋದರೆ ಮನೆ ಭಣಭಣ ಅನ್ನುತ್ತಿತ್ತು. ಅತ್ತೆ ಒಳ್ಳೆಯವರೇ, ಆದರೆ ದಿನಕ್ಕೆ ಹತ್ತು ಮಾತಿನ ಮೇಲೆ ಹನ್ನೊಂದನೆಯದು ಆಡುವವರಲ್ಲ. ನಾನು ಮೊದಲೇ ಬಾಯಿಬಡುಕಿ. ಸಂಜೆ ಹಿತ್ತಿಲಲ್ಲಿ ನಿಂತು ಕಣ್ಣೀರು ಹಾಕಿದ್ದೂ ಉಂಟು, ಆಗ ನೆಪ ಹೇಳಲು ಮೆಣಸಿನಕಾಯಿ ಘಾಟು ಹೇಗೂ ಇತ್ತು.

ನನ್ನನ್ನು ಈ ಊರಿಗೆ ಸೇರಿಸಿದವರು ಮಾವ. ಮಾರ್ಕೆಟ್ ಯಾರ್ಡಿನಲ್ಲಿ ಅವರದು ದಲಾಲಿ ಅಂಗಡಿ. ರೈತರು ತಂದ ಮಾಲು ಅವರ ಅಂಗಡಿಯ ಮುಂದೆ ರಾಶಿ ಬೀಳುತ್ತದೆ. ರಜೆಯ ದಿನ ನನ್ನನ್ನು ಕರೆದೊಯ್ದು, ಚೀಲದ ಬಾಯಿಯ ಕಾಯಿ ನೋಡಬಾರದು, ಹೊಟ್ಟೆಗೆ ಕೈ ಹಾಕಿ ತೆಗೀಬೇಕು ಅಂತ ಕಲಿಸಿದರು. ಟೆಂಡರ್ ಹೇಗೆ ನಡೆಯುತ್ತದೆ ಅನ್ನುವುದನ್ನೂ ಹೇಳಿದರು. ಖರೀದಿದಾರರು ರಾಶಿ ನೋಡಿ, ಯಾರಿಗೂ ಕಾಣದ ಹಾಗೆ ಚೀಟಿಯಲ್ಲಿ ರೇಟು ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರಂತೆ. ಈಗ ಅದೆಲ್ಲ ಕಂಪ್ಯೂಟರಿಗೆ ಬಂದಿದೆ, ಮಾವನ ತಲೆಯಲ್ಲಿ ಮಾತ್ರ ಇನ್ನೂ ಚೀಟಿಯೇ. ನಮ್ಮ ಕಡೆಯ ಸಂತೆಯಲ್ಲಿ ಬಾಯಿ ಇದ್ದವರದೇ ವ್ಯಾಪಾರ. ಇಲ್ಲಿ ಸಾವಿರ ಜನ ಸೇರಿದರೂ ರೇಟಿನ ಮಾತು ಯಾರೂ ಬಾಯಿ ಬಿಟ್ಟು ಆಡುವುದಿಲ್ಲ ಅನ್ನುವುದು ನನಗೆ ದೊಡ್ಡ ಸೋಜಿಗವಾಗಿತ್ತು.

ಹೀಗೆ ಏಳು ವರ್ಷ ಕಳೆದವು. ಹೋದ ವರ್ಷ ಮಾವನಿಗೆ ಪದೇ ಪದೇ ಮೂತ್ರಕ್ಕೆ ಏಳುವ ತೊಂದರೆ ಶುರುವಾಯಿತು. ಪಕ್ಕದ ಅಂಗಡಿಯ ಗೆಳೆಯ ಹೊನ್ನಪ್ಪನವರಿಗೂ ಅದೇ ಕಥೆ. ಇಬ್ಬರೂ ಜೋಡಿಯಾಗಿ ಹಾವೇರಿಗೆ ಹೋಗಿ ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ ಮಾಡಿಸಿಕೊಂಡು ಬಂದರು. ಅಂದು ಸಂಜೆ ಮಾವ ಕೈತುಂಬ ಮಂಡಕ್ಕಿ-ಮಿರ್ಚಿ ಪೊಟ್ಟಣ ಹಿಡಿದು ಒಳಗೆ ಬಂದರು. ಮುಖ ಅರಳಿತ್ತು.

"ನೋಡ್ ನಮ್ಮವ್ವಾ, ಹೊನ್ನಪ್ಪಂದು ಬರೇ ಎರಡು ಬಂದೈತಿ. ನಂದು ಒಂಬತ್ತು!"

ಯಾರ್ಡಿನ ಪ್ರಯೋಗಾಲಯದಲ್ಲಿ ಮೆಣಸಿನಕಾಯಿಯ ಬಣ್ಣಕ್ಕೆ ನಂಬರ್ ಕೊಡುತ್ತಾರೆ. ನಂಬರ್ ಏರಿದಷ್ಟೂ ಮಾಲು ಶ್ರೇಷ್ಠ. ವರ್ಷಗಟ್ಟಲೆ ಅದನ್ನೇ ನೋಡಿದ ಮನುಷ್ಯ ರಕ್ತಕ್ಕೂ ಅದೇ ಲೆಕ್ಕ ಹಿಡಿದುಬಿಟ್ಟಿದ್ದರು. ಚಹಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡೂ ಬಂದಿದ್ದರು, ಪಾಪ ಹೊನ್ನಪ್ಪನವರು ಸಪ್ಪಗಾಗಿದ್ದರಂತೆ. ರಕ್ತದ ಈ ನಂಬರ್ ಏರಬಾರದು ಅಂತ ಗೊತ್ತಿದ್ದ ನಾನು ಬಾಯಿಗೆ ಒಯ್ದಿದ್ದ ಮಿರ್ಚಿ ಕೆಳಗಿಟ್ಟು ರಿಪೋರ್ಟು ಕೈಗೆ ತೆಗೆದುಕೊಂಡೆ.

ಆಮೇಲಿನದು ಹುಬ್ಬಳ್ಳಿ. ಸ್ಕ್ಯಾನ್ ಆಯಿತು, ಸೂಜಿಯಿಂದ ತುಣುಕು ತೆಗೆದು ನೋಡಿದ್ದಾಯಿತು. ಕ್ಯಾನ್ಸರ್ ಹೌದು ಅಂದರು ಡಾಕ್ಟರು. ಆದರೆ ಗಂಟು ಚಿಕ್ಕದು, ಗ್ರಂಥಿ ಬಿಟ್ಟು ಹೊರಗೆ ಹೋಗಿಲ್ಲ, ನಿಧಾನ ಸ್ವಭಾವದ್ದು. ಹಾಗಾಗಿ ಮೂರು ದಾರಿಯಿದೆ, ಮನೆಗೆ ಹೋಗಿ ಯೋಚಿಸಿ ಬನ್ನಿ ಅಂದರು. ಮಂಜು ತಲೆ ಎತ್ತಿ ಫ್ಯಾನು ನೋಡುತ್ತಿದ್ದ. ಮಾವ ತಮ್ಮ ಚಪ್ಪಲಿ ನೋಡುತ್ತಿದ್ದರು. ಅಪ್ಪ-ಮಗನ ನಡುವೆ ಮೂತ್ರದ ಮಾತು, ಅದರಾಚೆಯ ಸಂಸಾರದ ಮಾತು ಬರುವುದುಂಟೆ! ಅಯ್ಯೋ ಶಿವನೇ ಅಂದುಕೊಂಡು, ಹತ್ತನೇ ಕ್ಲಾಸಿಗೆ ಪಾಠ ಮಾಡುವ ಧೈರ್ಯವನ್ನೇ ನೆನೆದು ನಾನೇ ಎಲ್ಲ ಕೇಳಿದೆ. ಆಪರೇಷನ್ ಮಾಡಿದರೆ ಮೂತ್ರ ತಡೆಯುವುದು ಕಷ್ಟವಾಗಬಹುದೆ, ಎಷ್ಟು ದಿನ? ಗಂಡಹೆಂಡಿರ ಬಾಳಿಗೆ ತೊಡಕೆ? ರೇಡಿಯೇಷನ್ ಆದರೆ ವಾರಗಟ್ಟಲೆ ದಿನಾ ಬರಬೇಕೆ, ಹೊಟ್ಟೆ ಕೆಡುತ್ತದೆಯೆ? ಏನೂ ಮಾಡದೆ ನಾಲ್ಕು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತ ಕಾಯುವ ಮೂರನೆಯ ದಾರಿಯಲ್ಲಿ ಅದು ಸದ್ದಿಲ್ಲದೆ ಬೆಳೆದುಬಿಟ್ಟರೆ? ಡಾಕ್ಟರು ಒಂದನ್ನೂ ಮುಚ್ಚಿಡಲಿಲ್ಲ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಮಾಡಿ ಬರೆದುಕೊಂಡೆ. ವಾಪಸಾಗುತ್ತ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಾವ ನನ್ನತ್ತ ನೋಡದೆ, "ಎಲ್ಲಾ ಕೇಳಿದಿ, ಛಲೋ ಮಾಡಿದಿ" ಅಂದರು.

ರಾಣೆಬೆನ್ನೂರಿನಿಂದ ನಾದಿನಿ ಸುಮಿತ್ರಾ ಬಂದಳು. ಅಲ್ಲಿಂದ ಮೂರು ದಿನ ಮನೆ ಮೀನುಪೇಟೆಯಾಯಿತು. ಸುಮಿತ್ರಾ ಒಂದು ಹೇಳಿದರೆ ಮಂಜು ಇನ್ನೊಂದು, ಇಬ್ಬರಿಗಿಂತ ಜೋರಾಗಿ ನಾನು. ನಾಲ್ಕನೆಯ ದಿನ ಮಾವ ಬೆಲ್ಲದ ಡಬ್ಬಿ ಖಾಲಿ ಮಾಡಿಸಿ ಪಡಸಾಲೆಯಲ್ಲಿಟ್ಟರು. ಎಲ್ಲರೂ ನನ್ನ ನೋಟ್‌ಬುಕ್ಕು ಓದಿ, ಬಾಯಿ ಮುಚ್ಚಿಕೊಂಡು, ಚೀಟಿ ಬರೆದು ಅದರೊಳಗೆ ಹಾಕಬೇಕು. ಟೆಂಡರ್!

ನಗು ತಡೆಯಲಾಗಲಿಲ್ಲ ನಮಗೆ. ಆದರೂ ಬರೆದೆವು. ಬಿಚ್ಚಿ ಓದುವ ಕೆಲಸ ಟೀಚರಮ್ಮನಿಗೆ. ಮಂಜು: ಆಪರೇಷನ್. ಸುಮಿತ್ರಾ: ಆಪರೇಷನ್. ನಾನು: ಆಪರೇಷನ್, ಅದೂ ಕೆಳಗೆ ಎರಡು ಗೆರೆ ಎಳೆದು. ಮೂರು ದಿನ ಬೇರೆ ಬೇರೆ ಕೂಗಿದವರು ಚೀಟಿಯಲ್ಲಿ ಒಂದಾಗಿದ್ದೆವು. ಅತ್ತೆಯ ಚೀಟಿ ಖಾಲಿ. ಯಾಕೆ ಅಂತ ಕೇಳಿದರೆ ಅವರು ಮಾವನ ಕಡೆ ನೋಡಿದರು.

ಮಾವ ನಾಲ್ಕೂ ಚೀಟಿ ಕೈಗೆ ತೆಗೆದುಕೊಂಡು, "ಟೆಂಡರ್ ಎಷ್ಟರ ಬೀಳವಲ್ದ್ಯಾಕ, ಕೊಡೂದು ಬಿಡೂದು ಮಾಲು ತಂದಾಂವಂದು. ನಾ ಒಲ್ಲೆ," ಅಂದರು.

ನಿಯಮ ಅದೇ, ನನಗೂ ಅವರೇ ಕಲಿಸಿದ್ದರು. ಬಿದ್ದ ರೇಟು ಮನಸ್ಸಿಗೆ ಬರದಿದ್ದರೆ ರೈತ ಒಲ್ಲೆ ಅನ್ನಬಹುದು, ಚೀಲ ಹೊಲಿದು ಕೋಲ್ಡ್ ಸ್ಟೋರೇಜಿಗೆ ಒಯ್ಯಬಹುದು. ಮೂರು ದಿನ ಗಂಟಲು ಹರಿದುಕೊಂಡ ನಮ್ಮಲ್ಲಿ ಒಬ್ಬರಿಗೂ, ನಿಮಗೇನು ಬೇಕು ಅಂತ ಆ ಮನುಷ್ಯನನ್ನು ಕೇಳಬೇಕೆಂದು ತೋಚಿರಲಿಲ್ಲ. ಅದು ಅತ್ತೆಯ ಖಾಲಿ ಚೀಟಿಗೆ ತಿಳಿದಿತ್ತು. ಆದರೆ ಆಗ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ನಾನು ಪಿಯುಸಿಯಲ್ಲಿದ್ದಾಗ ನನ್ನ ಅಪ್ಪ ಎದೆನೋವನ್ನು ಯಾರಿಗೂ ಹೇಳದೆ ಹೋಗಿಬಿಟ್ಟವರು. ಕಾಯುತ್ತ ಕೂತರೆ ಏನಾಗುತ್ತದೆ ಅಂತ ನಾನು ಕಂಡವಳು. ಇನ್ನೊಬ್ಬ ಅಪ್ಪನನ್ನೂ ಹಾಗೇ ಕಳೆದುಕೊಳ್ಳಲೇ, ಅದನ್ನು ನೋಡುವ ಬದಲು ನಂಜನಗೂಡಿಗೆ ಹೋಗಿಬಿಡುತ್ತೇನೆ ಅಂತ ಕೂಗಾಡಿ ಅತ್ತುಬಿಟ್ಟೆ. ಈ ಸಲ ಘಾಟಿನ ನೆಪ ಹೇಳಲಿಲ್ಲ.

ಮಾವ ನಾನು ಸುಮ್ಮನಾಗುವವರೆಗೂ ಕಾದರು. ಆಮೇಲೆ ಮೆಲ್ಲಗೆ ಹೇಳಿದರು: "ದಿನಾ ಆರು ತಾಸು ಯಾರ್ಡಿನ್ಯಾಗ ನಿಂದ್ರಾಂವ ನಾ. ಒದ್ದಿ ಧೋತರದಾಗ ನಾಕು ಮಂದಿ ಮುಂದ ನಿಂದ್ರೂದು ನನ್ನ ಕೈಲೆ ಆಗೂದಿಲ್ಲವ್ವಾ. ಮಾಲು ಚೆಲ್ಲಾಕತ್ತಿಲ್ಲ, ಥಂಡ್ಯಾಗ ಇಡಾಕತ್ತೇನಿ. ನಾಕು ತಿಂಗಳಿಗೊಮ್ಮೆ ಚೀಲದ ಹೊಟ್ಟಿಗೆ ಕೈ ಹಾಕಿ ನೋಡೂದು ನಿನ್ನ ಕೆಲಸ. ಕೆಟ್ಟೈತಿ ಅಂತ ನೀ ಅಂದ ದಿನ, ನಾನ ನಡಕೋತ ಹೋಗಿ ಟೇಬಲ್ ಮ್ಯಾಲ ಮಲಗತೇನಿ."

ಹೇಳಿದ್ದನ್ನೇ ನನ್ನ ಚೀಟಿಯ ಹಿಂದೆ ಬರೆಸಿ ಸಹಿ ಹಾಕಿದರು. ಹುಬ್ಬಳ್ಳಿಗೆ ಫೋನು ಮಾಡಿದೆ. ನಿಮ್ಮ ಮಾವನ ಮಟ್ಟಿಗೆ ಇದೂ ಸರಿಯಾದ ದಾರಿಯೇ, ತಾರೀಖು ಮಾತ್ರ ಒಂದೂ ತಪ್ಪಬಾರದು ಅಂದರು ಡಾಕ್ಟರು. ತಪ್ಪಿಸಲು ನಾನು ಬಿಡುತ್ತೇನೆಯೆ?

ಈಗ ನಮ್ಮ ಹುಬ್ಬಳ್ಳಿ ಪ್ರಯಾಣ ಅಂದರೆ ಒಂದು ಹಬ್ಬ. ಅತ್ತೆ ಬುತ್ತಿ ಕಟ್ಟುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ, ನನಗಾಗಿ ಬೇರೆ ಡಬ್ಬಿಯಲ್ಲಿ ಮೊಸರನ್ನ. ಮೊನ್ನೆ ಮೂರನೆಯ ಸಲದ ರಕ್ತ ಕೊಟ್ಟು, ದಸರಾ ರಜೆಯೆಂದು ನಾನು ನಂಜನಗೂಡಿಗೆ ಬಂದೆ. ಬಂದ ದಿನವೇ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನು ಬಂತು. ರಿಪೋರ್ಟು ಕೈಗೆ ಬಂದ ಕೂಡಲೇ ಮಾವ ಮಗನಿಗೂ ಹೇಳದೆ ಮೊದಲು ನನಗೇ ಮಾಡಿದ್ದರು. ನಂಬರ್ ಏರಿಲ್ಲ, ಒಂಬತ್ತಿದ್ದದ್ದು ಎಂಟಕ್ಕೆ ಇಳಿದಿದೆ. ಯಾರ್ಡಿನಲ್ಲಿ ಎಲ್ಲರಿಗೂ ಹೇಳಿದ್ದಾರಂತೆ, ಈ ಸಲ ಕಡಿಮೆ ಬಂದದ್ದಕ್ಕೆ ಮಿರ್ಚಿ ಹಂಚಿದರಂತೆ. ಹೊನ್ನಪ್ಪನವರಿಗೆ ಎರಡು ಹೆಚ್ಚಿಗೆ.

"ಖರೇನ ಏನ್ರಿ ಮಾವಾರ? ಭಾಳ ಛಲೋ ಆತು ಬಿಡ್ರಿ," ಅಂದೆ, ಅಂದು ಗೊಳೋ ಅಂತ ಅತ್ತೆ, ಅಳುತ್ತಲೇ ನಕ್ಕೆ. ಅಮ್ಮ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಈ ಮಾತಾಡಿದವಳು ಯಾರೇ ಅಂತ ಕೇಳಿದಳು. ಅಷ್ಟರಲ್ಲಿ ಎಣ್ಣೆಗೆ ಬಿದ್ದ ಒಣಮೆಣಸಿನಕಾಯಿ ಸೀದು ಅಡುಗೆಮನೆಯೆಲ್ಲ ಘಾಟು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಅಮ್ಮ ಸೀನಿದಳು, ತಮ್ಮ ಸೀನಿದ. ನನಗೆ ಏನೂ ಆಗಲಿಲ್ಲ.

ಕಣ್ಣು ಒರೆಸಿಕೊಂಡು, ಅಮ್ಮನ ಗೋಡೆಯ ಕ್ಯಾಲೆಂಡರಿನಲ್ಲಿ ಹುಬ್ಬಳ್ಳಿಯ ಮುಂದಿನ ತಾರೀಖು ಹುಡುಕಿ ಅದರ ಸುತ್ತ ಪೆನ್ನಿನಲ್ಲಿ ಒಂದು ಸುತ್ತು ಹಾಕಿದೆ.