ದೊಡ್ಡವ್ವನ ಶಾಖದ ಚಿತ್ರ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೊಲ್ಹಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಗಡಹಿಂಗ್ಲಜದವಳು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಹಾಗಾಗಿ ಕನ್ನಡದ ಹೆಂಗಸರು ಬಂದರೆ ಡಾಕ್ಟರರು ನನ್ನನ್ನೇ ಕರೆಯುತ್ತಿದ್ದರು.

ಒಂದು ಚಳಿಗಾಲದಲ್ಲಿ ಮುಂಬಯಿಯಿಂದ ಒಬ್ಬ ಡಾಕ್ಟರಬಾಯಿ ಹೊಸ ಕ್ಯಾಮೆರಾ ತಂದರು. ಮೈಯಿಂದ ಹೊರಡುವ, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಹಿಡಿದು ಅದು ಶಾಖದ ಚಿತ್ರ ಕೊಡುತ್ತಿತ್ತು. ಸ್ತನದಲ್ಲಿ ಕ್ಯಾನ್ಸರ್ ಬೆಳೆಯುವ ಕಡೆ ರಕ್ತದ ಓಡಾಟ ಹೆಚ್ಚಿ ಬಿಸಿಯಾಗಿರಬಹುದು, ಗಂಟು ದೊಡ್ಡದಾಗುವ ಮೊದಲೇ ಸುಳಿವು ಸಿಗಬಹುದು ಎಂಬುದು ಅವರ ಆಸೆ.

ಇಚಲಕರಂಜಿಯಲ್ಲಿ ಶಿಬಿರ ಇಟ್ಟೆವು. ಪವರ್‌ಲೂಮ್ ಓಣಿಗಳ ಹೆಂಗಸರು ತುಂಬಾ ಜನ ಬಂದರು. ರವಿಕೆ ತೆಗೆದು ತಣ್ಣನೆಯ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಬೇಕು, ಆಮೇಲೆ ಫೋಟೋ ಎಂದು ನಾನು ಹೇಳಿದ್ದೇ ತಡ, ಎಲ್ಲರೂ ಸೆರಗು ಸರಿಮಾಡಿಕೊಂಡು ಎದ್ದುನಿಂತರು.

“ಬರಿಮೈ ಫೋಟೋ ತಗಸ್ಕೊಂಡು ಮನಿಗೆ ಹ್ಯಾಂಗ ಹೋಗೂದ್ರಿ?” ಎಂದಳು ಒಬ್ಬಳು.

ವಾದಿಸಿ ಪ್ರಯೋಜನವಿರಲಿಲ್ಲ. ನಾನೇ ಒಳಗೆ ಹೋಗಿ ಕೂತೆ. ಚಿತ್ರ ಬಂದ ಮೇಲೆ ಅವರ ಕೈಗೇ ಕೊಟ್ಟೆ. ಮುಖವಿಲ್ಲ, ಹಸಿರು, ಹಳದಿ, ಕೆಂಪು ಕಲೆಗಳಷ್ಟೆ.

“ಇದು ನಾನ ಅಂತ ಯಾರರ ಗುರ್ತ ಹಿಡೀತೀರೇನ್ರಿ?” ಎಂದೆ.

ನನ್ನ ತಾಯಿಯ ಅಕ್ಕ, ನಮ್ಮ ದೊಡ್ಡವ್ವ, ಅವತ್ತು ನನ್ನನ್ನು ನೋಡಲೆಂದು ಅಕಿವಾಟದಿಂದ ಬಂದು ಮೂಲೆಯಲ್ಲಿ ಕೂತಿದ್ದಳು. ಹೊಲ, ಕುರಿ ಬಿಟ್ಟರೆ ಬೇರೆ ಲೋಕವಿಲ್ಲದವಳು. ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, “ರಂಗೋಲಿ ಅಳಿಸಿದಂಗ ಐತಿ. ನಡಿ, ನಾ ಕುಂದರ್ತೇನಿ,” ಎಂದಳು. ಅವಳ ಹಿಂದೆ ಉಳಿದವರೂ ಸಾಲುಗಟ್ಟಿದರು.

ದೊಡ್ಡವ್ವನ ಚಿತ್ರದಲ್ಲಿ ಎಡಗಡೆ ಒಂದು ಜಾಗ ಬಲಗಡೆಗಿಂತ ತುಂಬಾ ಬಿಸಿಯಾಗಿ ಕಂಡಿತು. ಇಷ್ಟರಿಂದಲೇ ಕ್ಯಾನ್ಸರ್ ಎನ್ನಲಾಗದು ಎಂದು ಹೇಳಿ ಡಾಕ್ಟರಬಾಯಿ ಕೈಯಿಂದ ಒತ್ತಿ ನೋಡಿದರು. ಆಳದಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಕೊಲ್ಹಾಪುರದಲ್ಲಿ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರೇ ಆಗಿತ್ತು. ಅದನ್ನು ಅವಳಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಪಕ್ಕದಲ್ಲಿ ಕೂತು ಹೇಳಿದೆ.

“ತಗದ್ರ ಬದಕ್ತೇನೇನು?” ಎಂದು ಕೇಳಿದಳು.

“ಸಣ್ಣದಿದ್ದಾಗ ಸಿಕ್ಕೈತಿ, ದೊಡ್ಡವ್ವ. ಭಾಳ ಮಂದಿ ಬದಕ್ಯಾರ.”

“ಹಂಗಾರ ಲಗೂನ ತಗೀರಿ ಅನ್ನು. ಕುರಿ ಈಯೂದರಾಗ ನಾ ಊರಿಗೆ ಹೋಗಬೇಕು.”

ಎಡ ಸ್ತನ ತೆಗೆದರು. ಅವಳು ಚೇತರಿಸಿಕೊಂಡಳು. ಮುಂದಿನ ಶಿಬಿರ ಗಡಹಿಂಗ್ಲಜದಲ್ಲಿ ಎಂದು ಕೇಳಿ ಯಾರೂ ಕರೆಯದೆಯೇ ಬಸ್ಸು ಹತ್ತಿ ಬಂದಳು. ಹಿಂಜರಿದವರನ್ನು ಪರದೆಯ ಹಿಂದೆ ಕರೆದೊಯ್ದು ಗಾಯದ ಕಲೆ ತೋರಿಸಿದಳು.

“ನೋಡ್ರಿ, ಹೊಲಿಗಿ ಹಾಕ್ಯಾರ, ಮುಗದೈತಿ. ನಾ ಈಗ ಬುಟ್ಟಿ ಹೊರತೇನಿ. ನೀವ್ಯಾಕ ಅಂಜ್ತೀರಿ?”

ಆ ಕ್ಯಾಮೆರಾ ಹೆಚ್ಚು ಕಾಲ ನಡೆಯಲಿಲ್ಲ. ಕೆಲವರ ಗಂಟು ಅದಕ್ಕೆ ಕಾಣುತ್ತಿರಲಿಲ್ಲ, ಕೆಲವರನ್ನು ಸುಮ್ಮನೆ ಹೆದರಿಸುತ್ತಿತ್ತು. ಬೇರೆ ಯಂತ್ರಗಳು ಬಂದವು. ಆದರೆ ಅವತ್ತು ಗಡಹಿಂಗ್ಲಜದಲ್ಲಿ ನಮ್ಮೂರ ಹೆಂಗಸರು ದೊಡ್ಡವ್ವನ ಮಾತು ಕೇಳಿ ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದಾಗ, ಇವಳು ನಮ್ಮ ಮನೆಯವಳು ಎಂದು, ಗೊತ್ತಿದ್ದರೂ, ಡಾಕ್ಟರಬಾಯಿಗೆ ಅವರು ಕೇಳದೆಯೇ ಹೆಮ್ಮೆಯಿಂದ ಮತ್ತೊಮ್ಮೆ ಹೇಳಿದ್ದೆ.