ಕೈ ಸುಮ್ಮನಿದ್ದಾಗ ಬರುವ ಅಕ್ಷರಗಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆಯ ಕೋಣೆ. ಮೇಲಿನ ವಾರ್ಡುಗಳ ಹರಿದ ಚಾದರ, ರೋಗಿಗಳ ಲಾಡಿ ಕಿತ್ತ ಅಂಗಿ, ಡಾಕ್ಟರರ ಜೇಬು ಜೋತುಬಿದ್ದ ಕೋಟು, ಎಲ್ಲ ಒಗೆದು ಒಣಗಿ ಇಲ್ಲಿಗೆ ಇಳಿದು ಬರುತ್ತವೆ. ಇಪ್ಪತ್ತೆರಡು ವರ್ಷಗಳಿಂದ ಅವನ್ನು ಹೊಲಿಯುತ್ತಿರುವ ಹೆಂಗಸಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವ ಹೆಸರು ಜಪಾನಕ್ಕ. ಜಪಾನನ್ನು ಅವಳು ನೋಡಿಲ್ಲ. ವಿಮಾನವನ್ನೂ ಕೆಳಗಿನಿಂದಲೇ ನೋಡಿದ್ದು.

ಹೆಸರು ಬಂದದ್ದು ಒಂದು ಹೊಲಿಗೆ ಮಿಷನ್ನಿನಿಂದ. ನಾಲ್ಕು ವರ್ಷದ ಹಿಂದೆ ಯಾರೋ ದಾನಿಗಳು ಆಸ್ಪತ್ರೆಗೆ ಕೊಟ್ಟದ್ದು. ಹಳೆಯದು, ಗಟ್ಟಿಮುಟ್ಟಾದದ್ದು, ಆದರೆ ಹತ್ತು ಹೊಲಿಗೆ ಹಾಕುವಷ್ಟರಲ್ಲಿ ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟುತ್ತಿತ್ತು. ಜೊತೆಗಿದ್ದ ಪುಸ್ತಕ ಪೂರ್ತಿ ಜಪಾನಿ. ರಿಪೇರಿಯವನು ಬಂದ, ತಿರುಗಿಸಿ ನೋಡಿದ, "ಇದರ ಹೊಟ್ಟೇಲಿ ಏನಿದೆ ಅಂತ ಇದಕ್ಕೇ ಗೊತ್ತು. ಪುಸ್ತಕ ಓದೋರು ಸಿಕ್ಕಿದ್ರೆ ಕರೀರಿ" ಅಂತ ಹೇಳಿ ಚಹಾ ಕುಡಿದು ಹೋದ.

ಓದೋರು ಯಾರೂ ಸಿಗಲಿಲ್ಲ. ಅವಳೇ ಪುಸ್ತಕ ಬಿಡಿಸಿಕೊಂಡು ಕೂತಳು. ಚಿತ್ರಗಳ ಪಕ್ಕದಲ್ಲಿ ಒಂದೇ ಆಕಾರ ಮತ್ತೆ ಮತ್ತೆ ಬರುತ್ತಿತ್ತು: 糸. ಮೇಲೆ ಎರಡು ಮಡಿಕೆ, ಕೆಳಗೆ ಮೂರು ಎಳೆ. ಫೋನಿಗೆ ತೋರಿಸಿದರೆ ಅದು ‘ದಾರ’ ಎಂದಿತು. ಅದರ ಮುಂದೆ ಒಂದು ಗುರುತಿದ್ದರೆ ಮೇಲಿನ ದಾರ, ಇನ್ನೊಂದಿದ್ದರೆ ಕೆಳಗಿನ ದಾರ. ಮೂರನೆಯ ದಿನ ಮೇಲಿನ ದಾರದ ತಿರುಪನ್ನು ಕಾಲು ಸುತ್ತು ಬಿಗಿಮಾಡಿದಳು. ಗೂಡು ಕಟ್ಟುವುದು ನಿಂತಿತು.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಅದೇ ದಾರ ಬೇರೆ ಅಕ್ಷರಗಳ ಎಡಮಗ್ಗುಲಲ್ಲೂ ತೂರಿಕೊಂಡಿರುವುದು ಅವಳ ಕಣ್ಣಿಗೆ ಬಿದ್ದಿತ್ತು. ಕಾಗದದಲ್ಲಿ ದಾರ, ಗೆರೆಯಲ್ಲಿ ದಾರ, ಗಂಟು ಹಾಕುವುದರಲ್ಲಿ ದಾರ, ‘ಕೊನೆ’ ಎಂಬುದರಲ್ಲೂ ದಾರ. ಒಂದು ಎಳೆ ಹಿಡಿದು ಎಳೆದರೆ ಅಂಚೆಲ್ಲ ಬಿಚ್ಚಿಕೊಂಡು ಬಂದ ಹಾಗೆ, ಅವಳು ಎಳೆಯುತ್ತಲೇ ಹೋದಳು.

"ಯಾಕಕ್ಕಾ ಇದೆಲ್ಲ? ಜಪಾನಿಗೆ ಹೋಗ್ತೀರಾ?" ಎಂದು ನರ್ಸುಗಳು ಕೇಳುತ್ತಿದ್ದರು.

"ಇಲ್ಲಮ್ಮ."

"ಮತ್ತೆ ಏನು ಉಪಯೋಗ?"

ಅವಳ ಗಂಡ ಹದಿನೈದು ವರ್ಷಗಳಿಂದ ಪೇಪರಿನ ಪದಬಂಧ ಬಿಡಿಸುತ್ತಿದ್ದಾನೆ. ಅದರಿಂದ ಏನು ಉಪಯೋಗ ಎಂದು ಅವನನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ. ಗಂಡಸಿನ ಹವ್ಯಾಸಕ್ಕೆ ಪರವಾನಗಿ ಬೇಡ. ಹೆಂಗಸು ಒಂದು ಅಕ್ಷರ ಕಲಿತರೂ ಅದರಿಂದ ಮನೆಗೆ ಏನು ಬರುತ್ತದೆ ಎಂದು ಹೇಳಬೇಕು. ಅವಳು ನಕ್ಕು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಕೂತು ಓದುವ ಜಾಗ ಅವಳ ದಿನದಲ್ಲಿ ಇರಲಿಲ್ಲ. ಐದಕ್ಕೆ ಎದ್ದು ಅಡುಗೆ, ಎರಡು ಡಬ್ಬಿ, ಅತ್ತೆಯ ಸ್ನಾನ, ಎಂಟೂವರೆಗೆ ಬಸ್ಸು. ಸಂಜೆ ನಾಲ್ಕೂವರೆಗೆ ವಾಪಸು ಬಂದು ಚಪ್ಪಲಿ ಬಿಡುವಾಗ ಮಧ್ಯಾಹ್ನದ ತಟ್ಟೆಗಳು ಸಿಂಕಿನಲ್ಲಿ ಒಣಗಿ ಕಾಯುತ್ತಿರುತ್ತಿದ್ದವು. ಗಂಡ ಬಸ್ ಕಂಡಕ್ಟರ್, ಮೊದಲ ಪಾಳಿ. ಎರಡು ಗಂಟೆಗೆಲ್ಲ ಮನೆಯಲ್ಲಿ. ಒಳ್ಳೆಯವನೇ. ಬೈದವನಲ್ಲ, ಕುಡಿದವನಲ್ಲ. "ಏನಾದ್ರೂ ಹೆಲ್ಪ್ ಬೇಕೇನೇ?" ಎಂದು ಪೇಪರಿನ ಹಿಂದಿನಿಂದ ದಿನಾ ಕೇಳುವವನು. ಕೇಳಿದ್ದೇ ಹೆಲ್ಪ್ ಆಯಿತೆಂಬ ಸಮಾಧಾನದಲ್ಲಿ ಪುಟ ತಿರುಗಿಸುವವನು.

ಹಾಗಾಗಿ ಅವಳು ಅಕ್ಷರಗಳನ್ನು ಕೆಲಸಗಳಿಗೆ ಹಂಚಿದಳು. ಪಾತ್ರೆಗೆ ಹತ್ತು, ತರಕಾರಿಗೆ ಆರು, ಬಟ್ಟೆ ಮಡಿಸುವುದಕ್ಕೆ ಎಂಟು, ಆಸ್ಪತ್ರೆಯಲ್ಲಿ ಒಂದು ಚಾದರದ ಅಂಚಿಗೆ ನಾಲ್ಕು. ಮಾತ್ರೆ ಡಬ್ಬಿಗಳ ರಟ್ಟು ಕತ್ತರಿಸಿ ಚೀಟಿ ಮಾಡಿ, ನೀರು ತಾಗದಂತೆ ಪ್ಲಾಸ್ಟಿಕ್ ಸುತ್ತಿ, ಬಟ್ಟೆ ಕ್ಲಿಪ್ಪಿನಿಂದ ಸಿಂಕಿನ ಮೇಲಿನ ತಂತಿಗೆ ಸಿಕ್ಕಿಸುವಳು. ಬಾಯಿ ಅಕ್ಷರದ ಓದನ್ನು, ಅಂದರೆ ಅದರ ಉಚ್ಚಾರವನ್ನು, ಹೇಳುತ್ತಿದ್ದರೆ ಕೈ ಉಜ್ಜುವ ನಾರಿನಿಂದ ತಟ್ಟೆಯ ನೊರೆಯಲ್ಲೇ ಗೆರೆ ಎಳೆಯುತ್ತಿತ್ತು: ಮೊದಲು ಅಡ್ಡ, ಆಮೇಲೆ ಉದ್ದ, ಕೊನೆಗೆ ಚುಕ್ಕೆ.

"ಆ ತಟ್ಟೆ ತೂತಾಗುತ್ತೆ ನೋಡು" ಎನ್ನುತ್ತಿದ್ದ ಗಂಡ.

ಹುಮ್ಮಸ್ಸು ದಿನಾ ಒಂದೇ ತೆರನಾಗಿ ಇರುತ್ತಿರಲಿಲ್ಲ. ಹೊಸ ಹತ್ತು ಮುಂಬಾಗಿಲಿಂದ ಒಳಗೆ ಬಂದರೆ ಹಳೆಯ ಆರು ಹಿತ್ತಲ ಬಾಗಿಲಿಂದ ಹೊರಗೆ. ನಿನ್ನೆ ಅಣ್ಣತಮ್ಮಂದಿರಂತೆ ಬೇರೆಬೇರೆಯಾಗಿದ್ದ ಎರಡು ಅಕ್ಷರ ಇವತ್ತು ಅವಳಿಜವಳಿಯಾಗಿ ನಿಂತು ಅಣಕಿಸುತ್ತಿದ್ದವು. ಅಂಥ ದಿನಗಳಲ್ಲಿ ಅವಳನ್ನು ಹಿಡಿದು ನಿಲ್ಲಿಸಿದ್ದು ಅತ್ತೆ.

ಅತ್ತೆಗೆ ಎಂಬತ್ತು ದಾಟಿತ್ತು. ಮೊಣಕಾಲು ಹೋಗಿ ನಡುಮನೆಯ ಮಂಚವೇ ಗತಿ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕನ್ನಡದ ಅಕ್ಷರವೂ ಅವಳಿಗೆ ಚಿತ್ರವೇ, ಜಪಾನಿನದೂ ಚಿತ್ರವೇ. ಆದ್ದರಿಂದ ಹೊಸ ಚೀಟಿ ಮೊದಲು ಹೋಗುತ್ತಿದ್ದದ್ದು ಅವಳ ಕೈಗೆ.

"ಇದೇನು, ಸೂರಿನ ಕೆಳಗೆ ಯಾರೋ ಕಾಲು ಮಡಚಿ ಕೂತಿದ್ದಾರೆ?" ಒಮ್ಮೆ 安 ಎಂಬ ಚೀಟಿ ಹಿಡಿದು ಕೇಳಿದಳು.

"ಸರಿಯಾಗಿ ಹೇಳಿದ್ರಿ ಅತ್ತೆ. ಸೂರಿನ ಕೆಳಗೆ ಹೆಂಗಸು. ಹಾಗಂದ್ರೆ ನೆಮ್ಮದಿ ಅಂತ ಅರ್ಥ."

"ಯಾರಿಗೆ?"

ಸೊಸೆಗೆ ನಗು ತಡೆಯಲಾಗಲಿಲ್ಲ. "ಅಗ್ಗ ಅನ್ನೋದಕ್ಕೂ ಇದನ್ನೇ ಬರೀತಾರಂತೆ."

"ಅದನ್ನ ಮೊದಲು ಹೇಳಬಾರದಾ! ಬರೆದೋನು ಸಂಸಾರ ನೋಡಿದೋನೇ" ಎಂದಳು ಮುದುಕಿ.

ಮೂರು ವರ್ಷ ಕಳೆಯುವಷ್ಟರಲ್ಲಿ ಆರುನೂರ ಹನ್ನೆರಡು ಅಕ್ಷರಗಳಾದವು. ಆಗ ಅವಳಿಗೆ ಒಂದು ಆಸೆ ಹುಟ್ಟಿತು. ಕಲಿತದ್ದು ನಿಜವೇ, ಬರೀ ಸಿಂಕಿನ ಮುಂದಿನ ಗುನುಗೇ ಎಂದು ಯಾರಾದರೂ ಹೊರಗಿನವರು ನೋಡಿ ಹೇಳಬೇಕು. ವರ್ಷಕ್ಕೊಮ್ಮೆ ಪರೀಕ್ಷೆ ಇದೆಯೆಂದು ತಿಳಿದು ಅರ್ಜಿ ಹಾಕಿದಳು. ಪಾಸಾದರೆ ಮುಂದುವರಿಯುವುದು, ಇಲ್ಲವಾದರೆ ಇಷ್ಟಕ್ಕೇ ಕೈಬಿಡುವುದು. ಯಾರಿಗೂ ಹೇಳದೆ ತನ್ನೊಳಗೇ ಮಾಡಿಕೊಂಡ ತೀರ್ಮಾನ.

ಪರೀಕ್ಷೆ ಭಾನುವಾರ. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಎರಡು ಹೊತ್ತಿನ ಅಡುಗೆ ಮಾಡಿಟ್ಟು, ಅತ್ತೆಯ ಮಾತ್ರೆಗಳನ್ನು ಹೊತ್ತಿಗೊಂದು ಬಟ್ಟಲಿನಂತೆ ಸಾಲಾಗಿ ಇಟ್ಟು, ಯಾವ ಪಾತ್ರೆಯಲ್ಲಿ ಏನಿದೆ ಎಂದು ಗಂಡನಿಗೆ ಎರಡು ಸಲ ಹೇಳಿ ಹೊರಟಳು. ಪರೀಕ್ಷೆಗೆ ಕೂತಿದ್ದ ಉಳಿದವರೆಲ್ಲ ಕಾಲೇಜು ಓದುವ ವಯಸ್ಸಿನವರು. ಅವರು ಬೆಳಿಗ್ಗೆ ಎದ್ದು ಹಲ್ಲುಜ್ಜಿ ಬಂದಿದ್ದರು, ಅಷ್ಟೆ.

ಪ್ರಶ್ನೆಪತ್ರಿಕೆ ಬಂತು. ಕೆಳಗೆರೆ ಎಳೆದ ಅಕ್ಷರದ ಸರಿಯಾದ ಓದನ್ನು ಆರಿಸಬೇಕು. ಮೊದಲನೆಯದನ್ನು ನೋಡಿದಳು. ಪರಿಚಯದ ಮುಖ, ಹೆಸರು ಬರಲಿಲ್ಲ. ಎರಡನೆಯದೂ ಅಷ್ಟೆ. ಮೂರನೆಯದು ಬಟ್ಟೆ ಮಡಿಸುವ ಗುಂಪಿನದು ಎಂಬುದು ಗೊತ್ತು, ಅದು ನೆನಪಾಗುತ್ತಿದ್ದದ್ದು ದಿಂಬಿನ ಚೀಲ ಕೊಡವುವಾಗ ಎಂಬುದೂ ಗೊತ್ತು, ಓದು ಮಾತ್ರ ಇಲ್ಲ. ಕೈಗಳು ಡೆಸ್ಕಿನ ಮೇಲೆ ಬೇರೆ ಯಾರದ್ದೋ ಎಂಬಂತೆ ಬಿದ್ದಿದ್ದವು. ನಾಲ್ಕು ಗೋಡೆಯೊಳಗೆ ಅಷ್ಟು ಹೊತ್ತು ಏನೂ ಮಾಡದೆ ಅವು ಇದ್ದದ್ದು ಅವಳ ನೆನಪಿನಲ್ಲೇ ಇರಲಿಲ್ಲ.

ಆಗ ಅವಳು ಎಡಗೈಯನ್ನು ಡೆಸ್ಕಿನ ಅಡಿಯಲ್ಲಿ ತಟ್ಟೆ ಹಿಡಿದಂತೆ ಹಿಡಿದು ಬಲಗೈಯಿಂದ ಮೆಲ್ಲಗೆ ಉಜ್ಜತೊಡಗಿದಳು. ಮೊದಲನೆಯದು ಬಂತು. ಎರಡನೆಯದು ಬಂತು. ಇಲ್ಲದ ನೊರೆಯಲ್ಲಿ ಗೆರೆಗಳು ಒಂದೊಂದಾಗಿ ಏಳತೊಡಗಿದವು. ಇಲ್ಲದ ದಿಂಬಿನ ಚೀಲವನ್ನು ಕೊಡವಿದಳು, ಮೂರನೆಯದೂ ಬಂತು.

"ಅಮ್ಮಾ, ಡೆಸ್ಕ್ ಕೆಳಗೆ ಏನಿದೆ?"

ತಲೆಯೆತ್ತಿದರೆ ಮೇಲ್ವಿಚಾರಣೆಯ ಹುಡುಗಿ.

"ಏನೂ ಇಲ್ಲ."

"ಏನೂ ಇಲ್ದೆ ಏನು ತಿರುವ್ತಾ ಇದ್ದೀರಿ? ಕೈ ಮೇಲಿಡಿ ಪ್ಲೀಸ್."

ಹುಡುಗಿ ಬಗ್ಗಿ ನೋಡಿದಳು, ಏನೂ ಸಿಗಲಿಲ್ಲ. ಆದರೂ ಆಮೇಲೆ ಪೂರ್ತಿ ಹೊತ್ತು ಪಕ್ಕದಲ್ಲೇ ಸುಳಿದಾಡಿದಳು. ಜಪಾನಕ್ಕನ ಕೈಗಳು ಡೆಸ್ಕಿನ ಮೇಲೇ ಉಳಿದವು. ಗಂಟೆ ಬಾರಿಸುವವರೆಗೆ ಊಹೆಯ ಮೇಲೆ ಗುರುತು ಹಾಕಿ ಎದ್ದುಬಂದಳು.

ಫಲಿತಾಂಶ ಬಂದದ್ದು ಎರಡು ತಿಂಗಳಿಗೆ. ಫೇಲು.

"ಹೋಗ್ಲಿ ಬಿಡು. ಈ ವಯಸ್ಸಲ್ಲಿ ಅಷ್ಟು ಮಾಡಿದ್ದೇ ಹೆಚ್ಚು" ಎಂದ ಗಂಡ, ಪ್ರೀತಿಯಿಂದಲೇ. ಅವಳು ತಂತಿಯ ಮೇಲಿನ ಚೀಟಿಗಳನ್ನು ಬಿಚ್ಚಿ, ಉಳಿದ ಕಟ್ಟುಗಳೊಂದಿಗೆ ಒಂದು ತಗಡಿನ ಡಬ್ಬಿಗೆ ತುಂಬಿ ಬೀರುವಿನ ಮೇಲಿಟ್ಟಳು. ಸಿಂಕಿನ ಮುಂದೆ ತಟ್ಟೆಗಳು ಬೇಗ ಮುಗಿಯತೊಡಗಿದವು. ಉಳಿದ ಹೊತ್ತಿನಲ್ಲಿ ಒಲೆ ಉಜ್ಜಿದಳು. ಕೆಲಸಕ್ಕೆ ಜಾಗ ಕೊಟ್ಟರೆ ಅದು ಕಾಲು ನೀಡಿ ಮಲಗುತ್ತದೆ.

ಮೂರು ವಾರ ನೋಡಿ ಅತ್ತೆ ಕೇಳಿಯೇಬಿಟ್ಟಳು. "ನನ್ನ ಚೀಟಿ ಎಲ್ಲಿ? ದಿನಾ ಗೋಡೆ ನೋಡಿ ಸಾಕಾಗಿದೆ."

"ಅದು ಮುಗೀತು ಅತ್ತೆ. ನನ್ನ ತಲೇಲಿ ನಿಲ್ಲಲ್ಲ."

"ನಿಲ್ಲದೆ ಏನು? ಪಾತ್ರೆ ತೊಳೆಯೋವಾಗ ಗಿಣಿ ಹಾಗೆ ಒಪ್ಪಿಸ್ತಿದ್ದೆಯಲ್ಲ."

ಆಗ ಸೊಸೆ ಯಾರಿಗೂ ಹೇಳದಿದ್ದದ್ದನ್ನು ಹೇಳಿದಳು: ಡೆಸ್ಕಿನ ಅಡಿಯ ತಟ್ಟೆ, ದಿಂಬಿನ ಚೀಲ, ಮೇಲ್ವಿಚಾರಣೆಯ ಹುಡುಗಿ. ಅತ್ತೆ ಕೆಮ್ಮು ಬರುವಷ್ಟು ನಕ್ಕಳು. "ಅಲ್ಲೂ ಪಾತ್ರೆ ತೊಳೆದು ಬಂದೆಯಾ, ನನ್ನ ತಾಯಿ!" ಸೊಸೆಯೂ ನಕ್ಕಳು. ನಗು ಇಳಿದ ಮೇಲೆ ಮುದುಕಿ ಸೆರಗಿನ ಅಂಚು ನೀವುತ್ತ ಕೇಳಿದಳು.

"ನಂಗೆ ನಲವತ್ತು ಹಾಡು ಬರ್ತಿತ್ತು, ಗೊತ್ತಾ?"

"ನೀವು ಹಾಡಿದ್ದು ನಾನು ಒಂದು ದಿನಾನೂ ಕೇಳಿಲ್ಲ."

"ಎಲ್ಲಿ ಕೇಳ್ತೀಯಾ, ನೀನು ಬರೋ ಹೊತ್ತಿಗೆ ಹಿಟ್ಟಿನ ಗಿರಣಿ ಬಂದಿತ್ತು. ಬೀಸೋ ಕಲ್ಲಿನ ಮುಂದೆ ಕೂತ್ರೆ ಒಂದರ ಹಿಂದೆ ಒಂದು ಬರೋವು. ನಮ್ಮಮ್ಮಂದು, ಅವರಮ್ಮಂದು, ನಾನೇ ಕಟ್ಟಿದ್ದೂ ಎರಡಿತ್ತು. ಗಿರಣಿ ಬಂತು, ತೋಳಿಗೆ ಆರಾಮಾಯ್ತು ಅಂತ ಖುಷಿಪಟ್ಟೆ. ಆಮೇಲೆ ಒಂದಿನ ಯಾರೋ ಓದಿದ ಹೆಂಗಸು ಬಂದ್ಲು, ಅಜ್ಜಿ ನಿಮ್ಮ ಹಾಡು ಬರ್ಕೋತೀನಿ ಅಂತ. ಕುರ್ಚಿ ಹಾಕಿ ಕೂರಿಸಿದ್ಲು. ಒಂದು ಸಾಲು ಬರ್ಲಿಲ್ಲ. ಬಾಯಿ ತೆಗೀತೀನಿ, ಗಾಳಿ ಬರುತ್ತೆ. ಅವಳು ಪಾಪ ಬಾಳೆಹಣ್ಣು ಕೊಟ್ಟು ಹೋದ್ಲು."

ಸೊಸೆ ಮಂಚದ ಅಂಚಿಗೆ ಬಂದು ಕೂತಳು.

"ನನ್ನವು ಅಂದ್ಕೊಂಡಿದ್ದೆ. ಕಲ್ಲಿನವಾಗಿದ್ವು. ಕಲ್ಲಿನ ಜೊತೆ ಹೋದ್ವು." ಅತ್ತೆ ಅವಳ ಕೈ ಹಿಡಿದು ತಿರುಗಿಸಿ ನೋಡಿದಳು, ಒಂದು ಕಡೆ ಸೂಜಿಯಿಂದಾದ ಜಡ್ಡು, ಇನ್ನೊಂದು ಕಡೆ ಸೋಪಿಗೆ ಬಿರಿದ ಚರ್ಮ. "ನಿನ್ನ ತಲೆಗೇನೂ ಆಗಿಲ್ಲ. ನೀನು ಕೂತು ಕಲೀಲಿಲ್ಲ. ಕೂತು ಕಲಿ. ಇಲ್ದಿದ್ರೆ ಅವೂ ಪಾತ್ರೇದೇ ಆಗ್ತವೆ."

ಮರುದಿನ ಸಂಜೆ ಅವಳು ಗಂಡನ ಮುಂದೆ ನಿಂತು ಹೇಳಿದಳು. "ನೋಡಿ, ಇವತ್ತಿಂದ ಐದರಿಂದ ಆರರವರೆಗೆ ನಾನು ಮನೇಲಿರಲ್ಲ."

ಅವನು ಪೇಪರು ಇಳಿಸಿದ. "ಎಲ್ಲಿಗೆ ಹೋಗ್ತೀಯಾ?"

"ಎಲ್ಲಿಗೂ ಇಲ್ಲ. ಈ ಮೇಜಿನ ಹತ್ತಿರ ಕೂತಿರ್ತೀನಿ."

"ಹಂಗಂದ್ರೆ?"

"ಹಂಗಂದ್ರೆ ತಟ್ಟೆ ನಿಮ್ದು. ಹೆಲ್ಪ್ ಅಲ್ಲ, ನಿಮ್ದೇ."

ಅವನು ತಾಯಿಯ ಕಡೆ ನೋಡಿದ. ತಾಯಿ ಸೂರು ನೋಡುತ್ತಿದ್ದಳು.

ಮೊದಲ ವಾರ ಕಷ್ಟವಾದದ್ದು ಅವನಿಗಿಂತ ಅವಳಿಗೆ. ಚೀಟಿಯ ಕಟ್ಟನ್ನು ಬೋರಲು ಹಾಕಿ, ಒಂದೊಂದನ್ನೇ ಎತ್ತಿ ಹೇಳಬೇಕು, ಕೈ ಆಡಿಸಬಾರದು ಎಂದು ತಾನೇ ಕಟ್ಟಳೆ ಹಾಕಿಕೊಂಡಿದ್ದಳು. ಕೈಗಳು ಕೇಳಬೇಕಲ್ಲ! ಮೇಜಿನ ಬಟ್ಟೆಯ ಎಳೆ ಕೀಳುತ್ತಿದ್ದವು, ಇಲ್ಲದ ಧೂಳು ಒರೆಸುತ್ತಿದ್ದವು. ಕೊನೆಗೆ ಒಂದೊಂದು ಚೀಟಿ ತಿರುವಿಟ್ಟ ಕೂಡಲೇ ಅವನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಅವುಗಳ ಮೇಲೇ ಕೂತಳು. ಆರುನೂರ ಹನ್ನೆರಡರಲ್ಲಿ ಹಾಗೆ ಕೂತಾಗ ಬಂದವು ನೂರಾ ನಲವತ್ತು. ಕಣ್ಣು ತುಂಬಿತು. ಮೂರು ವರ್ಷವೆಂದರೆ ಸಣ್ಣದಲ್ಲ. ಮೂಗು ಒರೆಸಿಕೊಂಡು, ಬಾರದವನ್ನು ಒಂದು ಕಡೆಗೆ ರಾಶಿ ಹಾಕಿ, ಮೊದಲಿನಿಂದ ಶುರು ಮಾಡಿದಳು. ದಿನಕ್ಕೆ ಐದು. ಐದೇ. ಆದರೆ ಕೂತು.

ಅಡುಗೆಮನೆಯಿಂದ ತಟ್ಟೆ ಬಿದ್ದ ಸದ್ದು ಬರುತ್ತಿತ್ತು. ಅವನು ನಲ್ಲಿಯನ್ನು ಪೂರ್ತಿ ತಿರುಗಿಸಿ ಅಂಗಿಯ ಹೊಟ್ಟೆ ನೆನೆಸಿಕೊಳ್ಳುತ್ತಿದ್ದ. ತೊಳೆದ ತಟ್ಟೆಗಳ ಹಿಂಬದಿಯಲ್ಲಿ ಜಿಡ್ಡು ಹಾಗೇ ಇರುತ್ತಿತ್ತು. ಎದ್ದುಹೋಗಿ ಮತ್ತೊಮ್ಮೆ ತೊಳೆಯಬೇಕೆಂಬ ತುಡಿತ ಹಸಿವಿನಂತೆ ಏಳುತ್ತಿತ್ತು. ಆ ತುಡಿತವನ್ನು ದಾಟಿದ ದಿನಗಳಲ್ಲಿ ಅಕ್ಷರ ಬೇಗ ಹತ್ತುವುದನ್ನು ಅವಳು ಕಂಡುಕೊಂಡಳು. ಯಾವ ಪುಸ್ತಕದಲ್ಲೂ ಅದನ್ನು ಬರೆದಿರಲಿಲ್ಲ.

ಒಂದು ಗುರುವಾರ ಅವಳು ಒಂದೇ ಸಲಕ್ಕೆ ಹದಿನೇಳು ಚೀಟಿಗಳನ್ನು ತಡೆಯಿಲ್ಲದೆ ಹೇಳಿದಳು. ಹದಿನೆಂಟನೆಯದನ್ನು ಎತ್ತುವ ಮುಂಚೆ ನೋಡಿದರೆ ಕೈಗಳು ಮೇಜಿನ ಮೇಲೆ, ಬಿಸಿಲಿನ ಪಟ್ಟಿಯಲ್ಲಿ, ಯಾರೂ ಹೇಳದೆ ತಮ್ಮಷ್ಟಕ್ಕೆ ಮಲಗಿದ್ದವು.

ಆಗ ಅಡುಗೆಮನೆಯಿಂದ ಕೂಗು ಬಂತು. "ಇವಳೇ, ದೊಡ್ಡ ಬಾಣಲೆ ಎಲ್ಲಿಡೋದು?"

ಅವಳ ಬಾಯಿ ಅಭ್ಯಾಸದಂತೆ ತೆರೆಯಿತು. ಅಷ್ಟರಲ್ಲಿ ಮಂಚದಿಂದ ಅತ್ತೆ, ಕಣ್ಣೂ ತೆರೆಯದೆ, ಹೇಳಿದಳು:

"ಅವಳು ಮನೇಲಿಲ್ಲಪ್ಪ. ನೀನೇ ಒಂದು ಜಾಗ ಹುಡುಕು."

ಜಪಾನಕ್ಕ ಬಾಯಿ ಮುಚ್ಚಿ ಹದಿನೆಂಟನೆಯ ಚೀಟಿಯ ಕಡೆ ಬಗ್ಗಿದಳು.